ಟಾರ್ಶನ್ ಸ್ಪ್ರಿಂಗ್‌ಗೆ ಕನ್ನಡದಲ್ಲಿ ಏನು ಬರೆಯೋಣ? ನಾಳೆ ಬೋರ್ಡ್ ಆಗಬೇಕು

ಪರ್ವರಿ, ಗೋವಾದಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ನಾಳೆ ಸಂಜೆ ಎಚ್ಚರಿಕೆ ಬೋರ್ಡ್ ಬರೆಯುವವರಿಗೆ ಕೊಡಬೇಕು.

ನಮ್ಮದು ಸಾಲುಮನೆಗಳ ಸೊಸೈಟಿ. ಪ್ರತಿ ಮನೆಗೂ ಕಾರು ನಿಲ್ಲಿಸುವ ಕೋಣೆ, ಅದಕ್ಕೆ ಮಡಚಿಕೊಂಡು ಮೇಲಕ್ಕೆ ಹೋಗುವ ಉಕ್ಕಿನ ಬಾಗಿಲು. ಬಾಗಿಲ ನೆತ್ತಿಯ ಮೇಲೆ ಅಡ್ಡ ಕಂಬಿ, ಕಂಬಿಗೆ ತಿರುಚಿ ಬಿಗಿದ ಎರಡು ಸ್ಪ್ರಿಂಗ್. ಇವೇ ಟಾರ್ಶನ್ ಸ್ಪ್ರಿಂಗ್. ಹೋದ ಭಾನುವಾರ ಪಕ್ಕದ ಮನೆಯಲ್ಲಿ ಅದರಲ್ಲೊಂದು ಮುರಿಯಿತು. ಗರ್ನಾಲು ಸಿಡಿದಂಥ ಸದ್ದು. ಓಡಿ ಹೋಗಿ ನೋಡಿದರೆ ಸುರುಳಿಯ ನಡುವೆ ಎರಡು ಬೆರಳು ಅಗಲದ ಸಂದು. ಅವರ ಡ್ರೈವರ್ ಗದಗ ಕಡೆಯ ಹುಡುಗ. ರಿಮೋಟ್ ಒತ್ತಿದ. ಬಾಗಿಲು ಗೇಣು ಎದ್ದು ನಿಂತುಬಿಟ್ಟಿತು. ಆಮೇಲೆ ಸ್ಟೂಲ್ ಹತ್ತಿ, ಸರಿ ಇದ್ದ ಇನ್ನೊಂದು ಸ್ಪ್ರಿಂಗಿನ ಬೋಲ್ಟಿಗೆ ಪಾನಾ ಹಾಕಿದ. ನಾನು ಕೂಗಿ ಇಳಿಸಿದೆ. ಆ ಬೋಲ್ಟ್ ಸಡಿಲಾಗಿದ್ದರೆ ತುಂಬಿಟ್ಟ ಬಲವೆಲ್ಲ ಒಮ್ಮೆಲೇ ಬಿಚ್ಚಿಕೊಂಡು, ಪಾನಾ ಅವನ ಮುಖಕ್ಕೇ ಬರುತ್ತಿತ್ತು. ಅಲ್ಲೇ ಕೆಂಪು ಚೀಟಿ ಅಂಟಿಸಿತ್ತು, ಇಂಗ್ಲಿಷಿನಲ್ಲಿ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡ ಸರಾಗ ಓದುತ್ತಾನೆ.

ನಮ್ಮಲ್ಲಿ ಡ್ರೈವರು, ಮಾಲಿ, ವಾಚ್‌ಮನ್‌ಗಳಲ್ಲಿ ಅರ್ಧಕ್ಕರ್ಧ ಗದಗ, ಕೊಪ್ಪಳ, ಬಾಗಲಕೋಟೆಯವರು. ಕೊಂಕಣಿ, ಮರಾಠಿ ಬೋರ್ಡ್ ಆಗಿವೆ. ಕನ್ನಡದ್ದು ನನ್ನ ಪಾಲಿಗೆ ಬಂದಿದೆ. 'ಟಾರ್ಶನ್ ಸ್ಪ್ರಿಂಗ್' ಅನ್ನುವಲ್ಲಿ ನಿಂತಿದ್ದೇನೆ. 'ತಿರುಚು ಸುರುಳಿ' ಸರಿಯೇ? ಇನ್ನೊಂದು, ಸ್ಪ್ರಿಂಗ್ ಬಳಸಿ ಬಳಸಿ ಹಾಳಾಗುವುದಕ್ಕೆ ಮರಾಠಿಯಲ್ಲಿ 'ಝೀಜ್' ಅಂತ ಬರೆದಿದ್ದಾರೆ. ಅದಕ್ಕೆ 'ಸವೆತ' ಸಾಕಾ?

ಕೋಥ್ರುಡ್, ಪುಣೆಯಿಂದ

ತಿರುಚು ಬೇಡ. 'ನುಲಿ' ಇದೆ. ನುಲಿಸುರುಳಿ ಅನ್ನಿ.

12ನೇ ಶತಮಾನದ ಶರಣ ನುಲಿಯ ಚಂದಯ್ಯನ ಕಾಯಕವೇ ಹುಲ್ಲು ಹೊಸೆದು ಹಗ್ಗ ಮಾಡುವುದು. ಹೊಟ್ಟೆ ನುಲಿಯುತ್ತೆ ಅಂತ ಇವತ್ತಿಗೂ ಎಲ್ಲರೂ ಹೇಳುತ್ತೇವೆ. ಇಷ್ಟು ಒಳ್ಳೆಯ ಪದ ಬಾಯಲ್ಲಿ ಇಟ್ಟುಕೊಂಡು ಹೊಸದನ್ನು ಕಟ್ಟುವುದು ಯಾಕೆ? ತಿರುಚು ಅಂದರೆ ಒಂದು ಸಲ ತಿರುಗಿಸಿ ಕೆಡಿಸಿದ ಹಾಗೆ. ಮಾತು ತಿರುಚು, ಕೈ ತಿರುಚು. ನುಲಿಯುವುದು ಅಂದರೆ ಬಲ ತುಂಬಿಸುವುದು. ನುಲಿದ ಹಗ್ಗವನ್ನು ಕೈಬಿಟ್ಟು ನೋಡಿ, ತಾನಾಗಿಯೇ ತಿರುಗಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ಸ್ಪ್ರಿಂಗ್ ಮಾಡುವುದೂ ಅದೇ ಕೆಲಸ ಅಲ್ವಾ?

ಡೊಂಬಿವಲಿಯಿಂದ

ಆಗದ ಮಾತು.

ಶಟರ್ ರಿಪೇರಿ ಕೆಲಸದಲ್ಲಿ ನನ್ನ ಕೂದಲು ಬೆಳ್ಳಗಾಗಿದೆ. ಮುಂಬೈ ಅಂಗಡಿಗಳ ಶಟರ್ ಮೇಲೆ ಪೈಪಿನಲ್ಲಿ ಡಬ್ಬಿ ಇರುತ್ತೆ, ಡಬ್ಬಿಯೊಳಗೆ ಸುತ್ತಿದ ಪಟ್ಟಿ ಸ್ಪ್ರಿಂಗ್. ಅಂಗಡಿ ಮಾಲೀಕರು ಉಡುಪಿಯವರಿರಲಿ, ವಿಜಯಪುರದವರಿರಲಿ, ಎಲ್ಲರೂ ಹೇಳುವುದು 'ಸ್ಪ್ರಿಂಗ್ ಹೋಗಿದೆ' ಅಂತಲೇ. ನುಲಿಸುರುಳಿ ಅಂದರೆ ತಿಂಡಿಯ ಹೆಸರು ಅಂದುಕೊಳ್ಳುತ್ತಾರೆ. ಬರೀ 'ಸುರುಳಿ'ಯೂ ಆಗದು. ಅದು ಮೋಟಾರಿನ ತಂತಿ ಸುತ್ತಿಗೆ ಆಗಲೇ ಹೋಗಿ ಕೂತಿದೆ. ಈ ಬಾಗಿಲಿಗೆ ಮೋಟಾರೂ ಇದೆ. ಯಾವ ಸುರುಳಿ ಮುಟ್ಟಬಾರದು ಅಂತ ಆ ಹುಡುಗ ಹೇಗೆ ತಿಳಿಯಬೇಕು?

ಸ್ಪ್ರಿಂಗ್ ಅಂತಲೇ ಬರೆಯಿರಿ.

ಕೋಥ್ರುಡ್, ಪುಣೆಯಿಂದ

ಹೇಳುವುದನ್ನೇ ಬರೆಯುವುದಾದರೆ ಪದ ಚರ್ಚಿಸುವ ಈ ಗುಂಪು ಯಾಕೆ ಬೇಕು? ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ನುಲಿ, ಹೊಸೆ, ಹುರಿ ಮೂರರ ವ್ಯತ್ಯಾಸ ಗೊತ್ತಿಲ್ಲ. ಬರೆಯುವವರೇ ಬಿಟ್ಟರೆ ಮೂರೂ ಹೋಗುತ್ತವೆ. 'ನುಲಿಸ್ಪ್ರಿಂಗ್' ಅಂತ ಮಾತ್ರ ಮಾಡಬೇಡಿ. ಅದು ಅರಿಸಮಾಸ, ಎರಡು ಭಾಷೆಯ ಪದ ಬೆರೆಸಿದ ತಪ್ಪು ಜೋಡಣೆ.

ವಾಸ್ಕೋದಿಂದ

ಅರಿಸಮಾಸದ ಮಾತು ಇಲ್ಲಿ ಯಾಕೆ? ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಹೇಳಿದ್ದು ಸಂಸ್ಕೃತ, ಕನ್ನಡ ಪದಗಳ ಬೆರಕೆಗೆ. ಸ್ಪ್ರಿಂಗ್ ಅವನ ಕಾಲಕ್ಕೆ ಇರಲೇ ಇಲ್ಲ.

ನಾವು ಇಲ್ಲಿ ದಿನಾ ಪಗಾರ ತಗೊಂಡು, ಅಲಮಾರಿಯಲ್ಲಿಟ್ಟು, ಚಾವಿ ಹಾಕುತ್ತೇವೆ. ಮೂರೂ ಪೋರ್ಚುಗೀಸರಿಂದ ಬಂದವು. ಧಾರವಾಡದ ಅಜ್ಜಿಗೆ ಚಾವಿ ಹೊರಗಿನ ಪದ ಅಂದರೆ ನಂಬುವುದೇ ಇಲ್ಲ. ನನ್ನ ಸಲಹೆ 'ಕಮಾನು'. ಲಾರಿಯವರು 'ಕಮಾನ್ ಕಟ್ಟಾಯ್ತು' ಅಂತಾರೆ, ಮರಾಠಿಯಲ್ಲೂ ಸ್ಪ್ರಿಂಗಿಗೆ ಕಮಾನ್ ಇದೆ. ಡ್ರೈವರಿಗೆ ತಕ್ಷಣ ಹೊಳೆಯುತ್ತದೆ.

ಇನ್ನೊಂದು ಮಾತು. ಬೋರ್ಡಿನಲ್ಲಿ 'ಗ್ಯಾರೇಜ್ ಬಾಗಿಲು' ಅಂತ ಬರೆಯಬೇಡಿ. ನಮ್ಮವರಿಗೆ ಗ್ಯಾರೇಜ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ.

ಡೊಂಬಿವಲಿಯಿಂದ

ಕಮಾನು ಪಾರಸಿಯ ಬಿಲ್ಲು. ಲಾರಿಯ ಬಾಗಿದ ಪಟ್ಟಿಗೆ ಒಪ್ಪುತ್ತದೆ. ಸುತ್ತಿದ ತಂತಿಗೆ ಹೇಗೆ? ಬೇಡ.

ಮಾಟುಂಗಾ, ಮುಂಬೈಯಿಂದ

ಹೆಸರಿನ ಮೇಲೇ ಎಲ್ಲರೂ ಕೂತಿದ್ದೀರಿ. ಅವರು ಕೇಳಿದ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ನನಗೆ ಅದೇ ದೊಡ್ಡದು.

'ಸವೆತ' ತಪ್ಪು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ಒಂದಕ್ಕೊಂದು ಉಜ್ಜಿ ತೆಳ್ಳಗಾಗುತ್ತವೆ. ಈ ಸ್ಪ್ರಿಂಗ್ ಹಾಗೆ ಹೋಗುವುದು ಕಡಿಮೆ. ಬಾಗಿಲು ಇಳಿದಾಗೆಲ್ಲ ಬಿಗಿಯುತ್ತೆ, ಏರಿದಾಗೆಲ್ಲ ಸಡಿಲಾಗುತ್ತೆ. ಹೀಗೆ ಸಾವಿರಾರು ಸಲ ಆಗಿ ಉಕ್ಕು ಒಳಗೇ ಸಣ್ಣಗೆ ಬಿರುಕು ಬಿಡುತ್ತದೆ. ನೋಡಲು ಹೊಸದರ ಹಾಗೇ ಇರುತ್ತೆ, ಒಂದು ದಿನ ಪಟ್ ಅನ್ನುತ್ತೆ. ಇದು ದಣಿವು. 'ಲೋಹ ದಣಿಯಿತು' ಅನ್ನಬಹುದು, ಯಾರಿಗೂ ಅರ್ಥವಾಗುತ್ತದೆ.

ಸಾಮಾನ್ಯ ಸ್ಪ್ರಿಂಗನ್ನು ಸುಮಾರು 10,000 ಸಲಕ್ಕೆ ಅಂತ ಮಾಡಿರುತ್ತಾರೆ. ಒಂದು ಸಲ ಅಂದರೆ ತೆರೆದು ಮುಚ್ಚಿದ್ದು. ದಿನಕ್ಕೆ ನಾಲ್ಕು ಸಲವಾದರೆ ವರ್ಷಕ್ಕೆ 1,460, ಏಳು ವರ್ಷ ತುಂಬುವ ಮೊದಲೇ ಮುಗಿಯಿತು. ದಿನಕ್ಕೆ ಎರಡೇ ಸಲವಾದರೆ ಹದಿಮೂರು ವರ್ಷ ದಾಟುತ್ತದೆ. ಗೋವಾದಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ತುಕ್ಕು ಹಿಡಿದ ಕಡೆ ಸಣ್ಣ ಗುಂಡಿ ಬಿದ್ದು ಬಿರುಕು ಅಲ್ಲಿಂದಲೇ ಶುರುವಾಗುತ್ತೆ. 'ಸವೆದಿದೆಯಾ ನೋಡಿ' ಅಂತ ಬರೆದರೆ ಅವರು ಕಣ್ಣಲ್ಲಿ ಹುಡುಕಿ, ಏನೂ ಇಲ್ಲ ಅಂತ ಸುಮ್ನೆ ಹೋಗುತ್ತಾರೆ. ಅದರ ಬದಲು ಮನೆಯವರಿಗೆ ಒಂದು ಪರೀಕ್ಷೆ ಹೇಳಿಕೊಡಿ. ಬಾಗಿಲು ಪೂರ್ತಿ ಕೆಳಗಿರುವಾಗ ಮೋಟಾರಿನ ಹಗ್ಗ ಎಳೆದು ಬಾಗಿಲನ್ನು ಮೋಟಾರಿನಿಂದ ಬಿಡಿಸಿ, ಕೈಯಲ್ಲಿ ಅರ್ಧಕ್ಕೆ ಎತ್ತಿ ಮೆಲ್ಲಗೆ ಬಿಡಬೇಕು. ನಿಂತರೆ ಸರಿ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ. ಮುರಿದ ಮೇಲೆ ಈ ಪರೀಕ್ಷೆ ಬೇಡವೇ ಬೇಡ. ಬಾಗಿಲ ಭಾರ ಹೊರುತ್ತಿದ್ದದ್ದು ಸ್ಪ್ರಿಂಗ್, ಮೋಟಾರಲ್ಲ. ಅದಕ್ಕೇ ಆವತ್ತು ಗೇಣು ಎದ್ದು ನಿಂತದ್ದು.

ಒಂದು ಮುರಿದರೆ ಎರಡನ್ನೂ ಬದಲಿಸಬೇಕು. ಎರಡೂ ಅಷ್ಟೇ ಸಲ ದುಡಿದಿವೆ, ಇನ್ನೊಂದೂ ಅದೇ ದಾರಿಯಲ್ಲಿದೆ.

ಕೋಥ್ರುಡ್, ಪುಣೆಯಿಂದ

ದಣಿವು ಒಪ್ಪಿದೆ. ಚೆನ್ನಾಗಿದೆ. ನುಲಿ ಬಿಡುವುದಿಲ್ಲ.

ಪರ್ವರಿ, ಗೋವಾದಿಂದ

ಎಲ್ಲರಿಗೂ ಉಪಕಾರ. ಇವತ್ತು ಬೆಳಿಗ್ಗೆ ನಾಲ್ಕೂ ಪದ ಚೀಟಿಯಲ್ಲಿ ಬರೆದು ಆ ಗದಗದ ಹುಡುಗನಿಗೆ ತೋರಿಸಿದೆ. ತಿರುಚು ಸುರುಳಿ ಓದಿ ಸುಮ್ಮನಾದ. ನುಲಿಸುರುಳಿ ಅಂದಾಗ 'ನುಲಿ ಅಂದ್ರ ಹಗ್ಗದ್ದಲ್ರಿ' ಅಂದ. ಕಮಾನು ಅಂದಾಗ ಹೊರಗೆ ನಿಂತ ಟೆಂಪೋದ ಅಡಿಗೆ ಬೆರಳು ತೋರಿಸಿದ. ಸ್ಪ್ರಿಂಗ್ ಅಂದಾಗ ಮಾತ್ರ ಮೇಲೆ ನೋಡಿದ. ಹಾಗಾಗಿ ಸ್ಪ್ರಿಂಗ್ ಉಳಿಯಿತು.

ಆದರೆ ನುಲಿಯನ್ನು ಕ್ರಿಯಾಪದವಾಗಿ ಇಟ್ಟುಕೊಂಡಿದ್ದೇನೆ. ಹಗ್ಗ ಅಂತ ಅವನಿಗೆ ಹೊಳೆದದ್ದೇ ನನಗೆ ಬೇಕಾಗಿತ್ತು. ಬಿಟ್ಟರೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅದರಲ್ಲೇ ಇದೆ. ಬೋರ್ಡ್ ಹೀಗಿದೆ:

'ಮೇಲಿನ ಸ್ಪ್ರಿಂಗ್ ಮುಟ್ಟಬೇಡಿ. ಅದನ್ನು ನುಲಿದು ಬಿಗಿದಿದೆ. ಬೋಲ್ಟ್ ಸಡಿಲಿಸಿದರೆ ಜೀವಕ್ಕೆ ಅಪಾಯ. ಜೋರು ಸದ್ದಾದರೆ, ಬಾಗಿಲು ಭಾರವಾದರೆ, ರಿಮೋಟ್ ಒತ್ತಬೇಡಿ, ಕೈಯಿಂದ ಎತ್ತಬೇಡಿ. ಮನೆಯವರಿಗೆ ಹೇಳಿ.'

'ಗ್ಯಾರೇಜ್' ಎಲ್ಲೂ ಇಲ್ಲ. ದಣಿವಿನ ಲೆಕ್ಕ, ಅರ್ಧಕ್ಕೆ ಎತ್ತುವ ಪರೀಕ್ಷೆ, ಜೋಡಿ ಬದಲಿಸುವುದು, ಇವನ್ನು ಮನೆಯವರ ಹಾಳೆಯಲ್ಲಿ ಬೇರೆ ಹಾಕಿದ್ದೇನೆ.

ಆ ಹಾಳೆಗೆ ಇನ್ನೊಂದು ಪದ ಬಾಕಿ. ಸ್ಪ್ರಿಂಗ್ ಬಿಗಿಯಲು ತುದಿಯ ತೂತಿಗೆ ಎರಡು ಉಕ್ಕಿನ ಸಲಾಕೆ ಹಾಕಿ ಕಾಲು ಕಾಲು ಸುತ್ತು ತಿರುಗಿಸುತ್ತಾರೆ. ಕೆಲಸಕ್ಕೆ ಬಂದವನು ಅದರ ಬದಲು ಸ್ಕ್ರೂಡ್ರೈವರ್ ತೂರಿಸಿದರೆ ಅವನನ್ನು ಕೆಳಗಿಳಿಸಿ ಅಂತ ಬರೆಯಬೇಕು. ಆ ಸಲಾಕೆಗೆ 'ಬಿಗಿಗೋಲು' ಅಂದರೆ ಆದೀತಾ? ಸೋಮವಾರದೊಳಗೆ ಹೇಳಿ.