ಅತ್ತಿಗೆಯ ಕಾರಿಗೆ ಯಾವ ಬ್ರೇಕ್ ಪ್ಯಾಡ್?

ಅತ್ತಿಗೆ, ಇದು ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಪೂರ್ತಿ ಕೇಳಿ. ವ್ಯಾಗನ್‌ಆರ್‌ನ ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಗ್ಯಾರೇಜಿನವರು ಹೆಸರಿಲ್ಲದ ಅಗ್ಗದ್ದೊಂದು, ಅದರ ಮೂರು ಪಟ್ಟು ಬೆಲೆಯ, ಪಿಂಗಾಣಿಯಂಥ ನಾರು ಬೆರೆಸಿದ ಸೆರಾಮಿಕ್ ಒಂದು ತೋರಿಸಿದ್ದಾರೆ, ಯಾವುದು ಹಾಕಿಸಲಿ ಎಂದು ಕೇಳಿದ್ದೀರಿ. ಭಾವ ಸೆರಾಮಿಕ್ ಎಂದರು, ಚಿಕ್ಕಪ್ಪ ಅಗ್ಗದ್ದೇ ಸಾಕು ಎಂದರು. ನಾನು ಎರಡನ್ನೂ ಒಪ್ಪುವುದಿಲ್ಲ. ಕಾರಿನ ಕಂಪನಿಯವರದೇ ಪ್ಯಾಡ್ ಹಾಕಿಸಿ, ಸಿಗದಿದ್ದರೆ ಅದೇ ಮಾದರಿಗೆಂದು ಬಾಷ್‌ನಂಥ ಹೆಸರಾದ ಕಂಪನಿ ಮಾಡಿದ್ದನ್ನು ಹಾಕಿಸಿ.

ಹೀಗೆ ಹೇಳುವುದು ನಿಮ್ಮ ರಸ್ತೆಯನ್ನು ನೆನೆದು. ಸಕಲೇಶಪುರದಿಂದ ಮಂಗಳೂರಿಗೆ ಆಗಾಗ ಶಿರಾಡಿ ಘಾಟಿ ಇಳಿಯುವವರು ನೀವು. ಹಿಂದಿನ ಸೀಟಿನಲ್ಲಿ ಮಕ್ಕಳು, ಎದುರಿಗೆ ತುಂಬಿದ ಲಾರಿಗಳು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಅದು ಬೇರೆ ತೊಂದರೆ, ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಆ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಬದಲಿಸಿ 2 ವರ್ಷವಾಗಿದ್ದರೆ ಪ್ಯಾಡಿನ ಜೊತೆಗೇ ಅದನ್ನೂ ಬದಲಿಸಿಬಿಡಿ. ಆಯಿಲ್‌ನಲ್ಲಿ ದರ್ಜೆಗಳಿವೆ, ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದನ್ನು ಕಾರಿನ ಕೈಪಿಡಿ ನೋಡಿ ಹೇಳಿ. ಎಂಥ ಪ್ಯಾಡ್ ಹಾಕಿಸಿದರೂ ಘಾಟಿ ಇಳಿಯುವುದು ಎರಡನೆಯ ಗೇರಿನಲ್ಲೇ, ದಯವಿಟ್ಟು.

ಭಾವ, ಸೆರಾಮಿಕ್ ಕೆಟ್ಟದ್ದಲ್ಲ. ಸದ್ದು ಕಡಿಮೆ, ಚಕ್ರಕ್ಕೆ ಕಪ್ಪು ಪುಡಿ ಮೆತ್ತುವುದೂ ಕಡಿಮೆ. ಆದರೆ ಆ ಹೆಸರಿದ್ದ ಮಾತ್ರಕ್ಕೆ ಕಾರು ಬೇಗ ನಿಲ್ಲುತ್ತದೆ ಎಂದೇನಿಲ್ಲ. ಹಲವು ಪ್ಯಾಡುಗಳ ಅಂಚಿನಲ್ಲೋ ಬೆನ್ನಿನಲ್ಲೋ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. ಇ ಎಂದರೆ ಘರ್ಷಣೆಯ ಅಳತೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45. ಎಫ್ ಮತ್ತು ಇ ಇದ್ದರೆ ಕಾದಾಗ ಹಿಡಿತ ಕುಗ್ಗುತ್ತದೆ. ಎರಡೂ ಎಫ್ ಇದ್ದರೆ ಘಾಟಿಗೆ ಅದು ವಾಸಿ. ಬೆನ್ನಿನ ಮೇಲೆ ಆರ್‌90 ಗುರುತಿದ್ದರೆ ಇನ್ನೂ ಒಳ್ಳೆಯದು. ಅದು ಯುರೋಪಿನ ನಿಯಮ. ಬದಲಿ ಪ್ಯಾಡಿನ ಕೆಲಸ ಮೂಲ ಪ್ಯಾಡಿಗಿಂತ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎನ್ನುತ್ತದೆ.

ಚಿಕ್ಕಪ್ಪ, ನಿಮ್ಮ ಮಾತು ತೆಗೆದುಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಹೆಸರು, ಗುರುತು ಏನೂ ಇಲ್ಲದ ಪ್ಯಾಡಿನಲ್ಲಿ ಏನು ಬೆರೆಸಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ. ಉಸಿರಾಡಿದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇದ್ದರೂ ಇರಬಹುದು. ಲೋಹದ ತಟ್ಟೆಗೆ ಸರಿಯಾಗಿ ಅಂಟದೆ ಪದರವೇ ಕಿತ್ತು ಬಂದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲದಂತೆ. ಉಳಿತಾಯಕ್ಕೆ ಬೇರೆ ಜಾಗಗಳಿವೆ.

ಇನ್ನು ಅತ್ತಿಗೆ, ಕೂರಿಸುವ ಕೆಲಸ. ಎಷ್ಟೋ ಸಲ ಬ್ರೇಕ್ ಕೆಡುವುದು ಇಲ್ಲೇ. ಒಂದೇ ಕಡೆಯದು ಸವೆದಿದ್ದರೂ ಎರಡೂ ಮುಂದಿನ ಚಕ್ರಗಳಿಗೆ ಹೊಸದೇ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಬಿಚ್ಚಿ ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಲು ಹೇಳಿ. ಮಲೆನಾಡಿನ ಮಳೆಯಲ್ಲಿ ಅವು ತುಕ್ಕು ಹಿಡಿದರೆ ಸಾಮಾನ್ಯವಾಗಿ ಒಳಗಿನ ಪ್ಯಾಡೇ ಹೆಚ್ಚು ಸವೆಯುತ್ತದೆ. ಪ್ಯಾಡ್ ಹಿಡಿಯುವ, ಚಕ್ರದ ಜೊತೆ ತಿರುಗುವ ಡಿಸ್ಕಿನ ದಪ್ಪವನ್ನೂ ಅಳೆಯಲಿ, ಎಷ್ಟಕ್ಕಿಂತ ತೆಳುವಾಗಬಾರದು ಎಂಬುದು ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತದೆ. ಹಳೆಯ ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಮಕ್ಕಳು ಪಕ್ಕದಲ್ಲಿ ನಿಲ್ಲುವುದೂ ಬೇಡ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚಿ, ಅದರೊಳಗೆ ಉಜ್ಜುವ ಲೈನರ್ ಕೂಡ ಒಮ್ಮೆ ನೋಡಿಸಿ.

ಕೆಲಸ ಮುಗಿದ ಮೇಲೆ ಕಾರು ಕದಲಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇದನ್ನು ಮರೆತರೆ ಮೊದಲ ಬ್ರೇಕಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು 200–300 ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಊರ ಸುತ್ತಲೇ ಓಡಾಡಿ. ಮಂಗಳೂರಿಗೆ ಹೋಗಲೇಬೇಕಾದರೆ ಈ ಸಲ ಬಸ್ಸಿನಲ್ಲಿ ಹೋಗಿ. ಪ್ಯಾಡ್ ತಂದ ತಕ್ಷಣ ಪೆಟ್ಟಿಗೆಯದ್ದೂ ಪ್ಯಾಡಿನ ಬೆನ್ನಿನದ್ದೂ ಫೋಟೋ ಇಲ್ಲಿ ಹಾಕಿ. ನಾನು ನೋಡಿ ಹೇಳುವವರೆಗೆ ಕೂರಿಸಲು ಬಿಡಬೇಡಿ.