ವೈದ್ಯರಲ್ಲದವರು ಬರೆಯುವ ‘ವೈದ್ಯರ ಚೀಟಿ’: ‘ಪ್ರಿಸ್ಕ್ರೈಬ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಿತ್ರರಿಗೆ ನಮಸ್ಕಾರ.

ಫಿಸಿಯೋಥೆರಪಿಸ್ಟರ ಅಧಿಕಾರವನ್ನು ವಿಸ್ತರಿಸಿದ ಕಾನೂನುಗಳ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಮೊದಲು ತೊಡಕಾಗುವುದು ‘ಪ್ರಿಸ್ಕ್ರೈಬ್’ ಎಂಬ ಕ್ರಿಯಾಪದ. ಪತ್ರಿಕೆಗಳಲ್ಲಿ ಇದಕ್ಕೆ ‘ಶಿಫಾರಸು ಮಾಡು’ ಎಂದು ಬರೆಯುವುದುಂಟು. ಆದರೆ ಬ್ರಿಟನ್ನಿನ 2013ರ ಬದಲಾವಣೆಯನ್ನು ‘ಫಿಸಿಯೋಥೆರಪಿಸ್ಟರು ಇನ್ನು ಔಷಧ ಶಿಫಾರಸು ಮಾಡಬಹುದು’ ಎಂದು ಬರೆದರೆ ಅದರಲ್ಲಿ ಹೊಸತೇನೆಂದು ಓದುಗರಿಗೆ ತಿಳಿಯುವುದಿಲ್ಲ. ಶಿಫಾರಸನ್ನು ಯಾರೂ ಮಾಡಬಹುದು, ಕೇಳಿದವರು ಅದನ್ನು ಬಿಡಲೂಬಹುದು. ಆ ಕಾನೂನು ಕೊಟ್ಟದ್ದು, ಔಷಧದಂಗಡಿಯವರು ಔಷಧ ಕೊಡಲು ಆಧಾರವಾಗುವಂಥ, ಬರೆದವರೇ ಹೊಣೆ ಹೊರಬೇಕಾದ ಲಿಖಿತ ಆದೇಶವನ್ನು ಸ್ವತಂತ್ರವಾಗಿ ಹೊರಡಿಸುವ ಅಧಿಕಾರವನ್ನು. ಅದೂ ಹೆಚ್ಚಿನ ತರಬೇತಿ ಪಡೆದು, ತಮ್ಮ ವೃತ್ತಿ ನೋಂದಣಿಯಲ್ಲಿ ಆ ಅರ್ಹತೆಯನ್ನು ದಾಖಲಿಸಿಕೊಂಡವರಿಗೆ ಮಾತ್ರ.

ಆಡುಮಾತಿನ ‘ಬರೆದುಕೊಡು’ ಇದಕ್ಕಿಂತ ಎಷ್ಟೋ ವಾಸಿ. ‘ಡಾಕ್ಟರು ಮಾತ್ರೆ ಬರೆದುಕೊಟ್ಟರು’ ಎಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ತೊಂದರೆಯಿರುವುದು ನಾಮಪದದಲ್ಲಿ. ನಮ್ಮಲ್ಲಿ ಚಾಲ್ತಿಯಲ್ಲಿರುವುದು ‘ವೈದ್ಯರ ಚೀಟಿ’, ಆದರೆ ಈ ಕಾನೂನುಗಳು ಸಡಿಲಿಸಿದ್ದು ಅದರ ಮೊದಲ ಪದವನ್ನೇ. ಸಾಲದುದಕ್ಕೆ, ಆ ಒಂದೇ ಚೀಟಿಗೆ ಮೂರು ಅರ್ಥಗಳಿವೆ. ಫಿಸಿಯೋಥೆರಪಿಸ್ಟರ ಬಳಿಗೆ ಹೋಗಲು ಬೇಕಾಗಿದ್ದ ಚೀಟಿ ಒಂದು: ಅಮೆರಿಕದ ನೆಬ್ರಾಸ್ಕದಲ್ಲಿ 1957ರಿಂದಲೂ, 2015ರ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ಮಿತಿಯೊಳಗೆ, ಅದಿಲ್ಲದೆಯೇ ರೋಗಿ ನೇರವಾಗಿ ಹೋಗಬಹುದಾಗಿದೆ. ಔಷಧದ ಚೀಟಿ ಇನ್ನೊಂದು. ಕೆಲಸ ಮಾಡುವ ಸ್ಥಿತಿಯಲ್ಲಿದ್ದಾರೋ ಇಲ್ಲವೋ ಎಂದು ಉದ್ಯೋಗದಾತರಿಗೆ ತಿಳಿಸುವ ಚೀಟಿ ಮೂರನೆಯದು; ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2022ರ ಜುಲೈ 1ರಿಂದ ಇದಕ್ಕೆ ಫಿಸಿಯೋಥೆರಪಿಸ್ಟರೂ ಸಹಿ ಹಾಕಬಹುದು. ಮೊದಲನೆಯದರಲ್ಲಿ ಚೀಟಿಯ ಅಗತ್ಯವೇ ತಪ್ಪಿದೆ, ಉಳಿದೆರಡರಲ್ಲಿ ಚೀಟಿ ಬರೆಯುವ ಕೈ ಬದಲಾಗಿದೆ. ಮೂರನ್ನೂ ಚೀಟಿಯೆಂದೇ ಕರೆದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಮೂರನೆಯದಕ್ಕೆ ‘ದೇಹಸ್ಥಿತಿ ಪ್ರಮಾಣಪತ್ರ’, ಮೊದಲನೆಯದಕ್ಕೆ ‘ಕಳುಹಿಸುಪತ್ರ’ ಎನ್ನಬಹುದೇನೋ. ಎರಡನೆಯದು ಸುಲಭಕ್ಕೆ ಬಗ್ಗುತ್ತಿಲ್ಲ. ‘ಔಷಧಾದೇಶ’ ಎಂದರೆ ಅರ್ಥ ಕೂಡುತ್ತದೆ, ಆದರೆ ಸರ್ಕಾರಿ ಸುತ್ತೋಲೆಯ ವಾಸನೆ ಹೊಡೆಯುತ್ತದೆ.

ವಿಶೇಷಣವೂ ಕಾಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದ ಫಿಸಿಯೋಥೆರಪಿಸ್ಟರಿಗೆ ಇದ್ದದ್ದು ‘ಸಪ್ಲಿಮೆಂಟರಿ’ ಅಧಿಕಾರ: ವೈದ್ಯರೂ ರೋಗಿಯೂ ಒಪ್ಪಿದ ಲಿಖಿತ ಚಿಕಿತ್ಸಾ ಯೋಜನೆಯೊಳಗೆ ಮಾತ್ರ ಔಷಧ ಬರೆಯಬಹುದಿತ್ತು. ಇದನ್ನು ‘ಪೂರಕ ಔಷಧ ಬರೆಯುವ ಅಧಿಕಾರ’ ಎಂದರೆ ವಿಟಮಿನ್ ಮಾತ್ರೆ ಬರೆಯುವುದೆಂದೇ ಓದುಗರು ತಿಳಿದಾರು. ಅಂಥ ಯೋಜನೆಯ ಕಟ್ಟಿಲ್ಲದೆ ತಾವೇ ನಿರ್ಧರಿಸಿ ಬರೆಯುವ 2013ರ ‘ಸ್ವತಂತ್ರ’ ಅಧಿಕಾರಕ್ಕೆ ಎದುರಾಗಿ ಇದಕ್ಕೆ ‘ಯೋಜನಾಧೀನ’ ಎಂಬುದು ನನಗೆ ಸರಿಯೆನಿಸುತ್ತದೆ.

ಕೊನೆಯದಾಗಿ ‘ಡಯಾಗ್ನೋಸಿಸ್’. ಕೆನಡಾದ ಒಂಟಾರಿಯೊದಲ್ಲಿ ಕಾನೂನು ಕೆಲವರಿಗಷ್ಟೇ ಮೀಸಲಿಟ್ಟಿರುವ ಕಾರ್ಯ ರೋಗವನ್ನು ಗುರುತಿಸುವುದಲ್ಲ, ಗುರುತಿಸಿದ್ದನ್ನು ರೋಗಿಗೆ ತಿಳಿಸುವುದು. ಅಲ್ಲಿನ ತಿದ್ದುಪಡಿ ಫಿಸಿಯೋಥೆರಪಿಸ್ಟರಿಗೂ ಮಿತಿಯೊಳಗೆ ಕೊಟ್ಟದ್ದು ಈ ತಿಳಿಸುವ ಅಧಿಕಾರವನ್ನು. ‘ರೋಗನಿದಾನ ಮಾಡುವ ಅಧಿಕಾರ’ ಎಂದು ಬರೆದರೆ ಇಲ್ಲಿ ಎರಡು ಪಟ್ಟು ತಪ್ಪಾಗುತ್ತದೆ, ಏಕೆಂದರೆ ಆಯುರ್ವೇದದಲ್ಲಿ ‘ನಿದಾನ’ ಎಂದರೆ ಮುಖ್ಯವಾಗಿ ರೋಗದ ಕಾರಣ. ‘ರೋಗನಿರ್ಣಯವನ್ನು ತಿಳಿಸುವ ಅಧಿಕಾರ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ನನ್ನ ಪ್ರಶ್ನೆ ಮುಖ್ಯವಾಗಿ ಆ ಎರಡನೆಯ ಚೀಟಿಯದು. ‘ಔಷಧ ಬರೆದುಕೊಡುವ ಅಧಿಕಾರ’ ಎಂಬ ಪದಗುಚ್ಛ ಕ್ರಿಯೆಗೆ ಸಾಕು; ಬರೆದ ಕಾಗದಕ್ಕೆ ಮತ್ತು ಬರೆಯುವ ವ್ಯಕ್ತಿಗೆ, ವೈದ್ಯರೆಂಬ ಸೂಚನೆಯಿಲ್ಲದ, ಆಸ್ಪತ್ರೆಯ ಗೋಡೆಯ ಮೇಲೆ ಬರೆದರೂ ಜನರಿಗೆ ತಿಳಿಯುವ ಪದಗಳು ಯಾರ ಬಳಕೆಯಲ್ಲಾದರೂ ಇವೆಯೇ?