ನಡುರಾತ್ರಿಯ ಪೂಜೆಗೆ ಯಾರು, ಅಜ್ಜಿಯ ಬಳಿ ಯಾರು?

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) "ಯೇಸು ಡಿಸೆಂಬರ್ 25ರ ನಡುರಾತ್ರಿ 12 ಗಂಟೆಗೆ ಹುಟ್ಟಿದರೆಂದು ಬೈಬಲಿನ ಶುಭಸಂದೇಶವೇ ಹೇಳುತ್ತದೆ. ಆ ಹೊತ್ತಿನಲ್ಲಿ ಚರ್ಚಿನಲ್ಲಿಲ್ಲದವರ ಕ್ರಿಸ್‌ಮಸ್ ಬರೀ ಮೋಜು. ಹತ್ತು ಜನರಿಗೆ ಕಳುಹಿಸಿ."
ಮನೆಯವರೆಲ್ಲರೂ ಇದನ್ನು ಓದಬೇಕು. ಈ ಸಲ ಯಾರೂ ನೆಪ ಹೇಳದೆ ರಾತ್ರಿ ಪೂಜೆಗೆ ಬರಬೇಕೆಂದು ನನ್ನ ಅಪೇಕ್ಷೆ.

ನಾನು: ದೊಡ್ಡಪ್ಪ, ಶುಭಸಂದೇಶದಲ್ಲಿ ತಾರೀಖೂ ಇಲ್ಲ, ಗಂಟೆಯೂ ಇಲ್ಲ. ಕುರುಬರು ರಾತ್ರಿ ಬಯಲಿನಲ್ಲಿದ್ದು ಮಂದೆ ಕಾಯುತ್ತಿದ್ದರು ಎಂದಷ್ಟೇ ಸಂತ ಲೂಕರು ಬರೆದಿದ್ದಾರೆ. ಡಿಸೆಂಬರ್ 25 ಎಂಬ ದಿನ ನಮಗೆ ಸಿಗುವುದು 354ರಲ್ಲಿ ಸಿದ್ಧವಾದ ರೋಮಿನ ಪಂಚಾಂಗದಲ್ಲಿ. ಹಳೆಯ ಜೂಲಿಯನ್ ಪಂಚಾಂಗವನ್ನು ಬಿಡದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳು ಇಂದಿಗೂ ಜನವರಿ 7ರಂದು ಹಬ್ಬ ಮಾಡುತ್ತವೆ. ಅವರದೂ ಮೋಜು ಎನ್ನೋಣವೇ?

ದೊಡ್ಡಪ್ಪ: ತಾರೀಖಿನ ವಿಷಯ ಒಪ್ಪಿದೆ. ಆದರೆ ನಕ್ಷತ್ರ ಕಟ್ಟಲು, ಬಟ್ಟೆ ಕೊಳ್ಳಲು, ಫೋಟೊ ತೆಗೆಯಲು ಬಿಡುವಿರುವವರಿಗೆ ವರ್ಷಕ್ಕೊಂದು ರಾತ್ರಿ ದೇವರ ಮುಂದೆ ನಿಲ್ಲಲು ಬಿಡುವಿಲ್ಲವೆಂದರೆ ಅದಕ್ಕೆ ಕ್ರಿಸ್ತನ ಹೆಸರೇಕೆ ಬೇಕು?

ಅತ್ತೆ: ಅಣ್ಣ, ನೆಪ ಎಂಬ ಮಾತು ನನಗೆ ಚುಚ್ಚಿತು. ಹೋದ ವರ್ಷ ಮನೆಯಲ್ಲಿ ಉಳಿದವಳು ನಾನೇ, ಏಕೆಂದರೆ ಅಮ್ಮನಿಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದು. ನೀವೆಲ್ಲ ಹೊರಟ ಮೇಲೆ ದೀಪಗಳನ್ನು ಆರಿಸಿ, ಗೋದಲಿಯೊಳಗಿನ (ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ) ಒಂದು ಬಲ್ಬನ್ನು ಮಾತ್ರ ಉಳಿಸಿಕೊಂಡು ಇಬ್ಬರೇ ಕುಳಿತಿದ್ದೆವು. ಹನ್ನೆರಡಾಗುತ್ತಲೇ ಅಮ್ಮ ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಾಲಯೇಸುವಿನ ಪ್ರತಿಮೆಯನ್ನು ಹೊರತೆಗೆದು, ಅದರ ಮುರಿದ ಬೆರಳಿಗೆ ಅಂಟಿದ್ದ ಎಳೆಯನ್ನು ಉಗುರಿನಿಂದ ಬಿಡಿಸಿ, ಕೈ ನಡುಗುತ್ತಿದ್ದರೂ ನನಗೆ ಕೊಡದೆ ತಾನೇ ಹುಲ್ಲಿನ ಮೇಲೆ ಮಲಗಿಸಿದಳು. ಆಮೇಲೆ ಚಳಿಯಾದೀತೆಂದು ಅದೇ ಹತ್ತಿಯನ್ನು ಹೊದಿಸಿದಳು. ಮೋಜು ಎನ್ನುವುದಾದರೆ ಎನ್ನಿ. ನನಗಂತೂ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅಕ್ಕ: ದೊಡ್ಡಪ್ಪನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಗುರುತಿಲ್ಲದವರ ಪಕ್ಕದಲ್ಲಿ ನಿಂತು ಒಂದೇ ದನಿಯಲ್ಲಿ ಹಾಡುವ ಅನುಭವ ಮನೆಯ ಸೋಫಾದ ಮೇಲೆ ಸಿಗುವುದಿಲ್ಲ.

ನಾನು: ಸಿಗುತ್ತದೆ ಎಂದು ನಾನೂ ಹೇಳುತ್ತಿಲ್ಲ, ಅಕ್ಕ. ಆದರೆ ನಮ್ಮ ಕಥೋಲಿಕ ಧರ್ಮಸಭೆಯೇ ಕ್ರಿಸ್‌ಮಸ್‌ಗೆ ಒಂದಲ್ಲ, ನಡುರಾತ್ರಿಯದು, ಉದಯಕಾಲದ್ದು, ಹಗಲಿನದು ಎಂದು ಮೂರು ಬಲಿಪೂಜೆಗಳನ್ನು ಇಟ್ಟಿದೆ, ಮೂರಕ್ಕೂ ಬೇರೆ ಬೇರೆ ವಾಚನಗಳಿವೆ. ನಡುರಾತ್ರಿ ದೂತರು ಸುದ್ದಿ ತರುತ್ತಾರೆ, ಉದಯಕಾಲದಲ್ಲಿ ಕುರುಬರು ಹೋಗಿ ಮಗುವನ್ನು ಕಾಣುತ್ತಾರೆ, ಹಗಲಿನಲ್ಲಿ ಸಂತ ಯೊವಾನ್ನರ ಶುಭಸಂದೇಶದ "ಆದಿಯಲ್ಲಿ ವಾಕ್ಯವಿತ್ತು" ಕೇಳುತ್ತೇವೆ. ಬೆಳಗಿನ ಜಾವ ಹೋದವರು ತಡವಾಗಿ ಬಂದವರಲ್ಲ, ಕಥೆಯ ಮುಂದಿನ ಭಾಗ ಕೇಳಲು ಬಂದವರು. ಇನ್ನು ಗೋದಲಿಯ ಮಾತು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆಗಳನ್ನು ತರಿಸಿ ಅಲ್ಲಿಯೇ ಪೂಜೆ ಏರ್ಪಡಿಸಿದ್ದು ಆ ಮಗುವಿನ ಬಡತನವನ್ನು ಕಣ್ಣಾರೆ ಕಾಣುವ ಆಸೆಯಿಂದ. ಅಜ್ಜಿ ಹತ್ತಿ ಹೊದಿಸಿದ್ದೂ ಅಂಥದೇ ಆಸೆಯಲ್ಲವೇ? ಅಷ್ಟಕ್ಕೂ ಮೊದಲ ಸುದ್ದಿ ತಲುಪಿದ್ದು ರಾತ್ರಿ ಕಾವಲಿಗೆ ಕುಳಿತವರಿಗೆ.

ದೊಡ್ಡಪ್ಪ: ಸುದ್ದಿ ಕೇಳಿದ ಮೇಲೆ ಅವರು ಕುಳಿತೇ ಇರಲಿಲ್ಲ, ಬೆತ್ಲೆಹೇಮಿಗೆ ಎದ್ದು ಹೋದರು ಎಂಬುದನ್ನೂ ಓದು.

ಅತ್ತೆ: ಕುರಿಗಳ ಬಳಿ ಒಬ್ಬರೂ ಉಳಿಯಲಿಲ್ಲವೆಂದು ಲೂಕರು ಬರೆದಿಲ್ಲ, ಅಣ್ಣ.

ದೊಡ್ಡಪ್ಪ: ನೆಪ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ತಂಗಿ. ಆದರೂ ನಡುರಾತ್ರಿಯ ಹಾಡುಗಳಿಲ್ಲದೆ ನನಗೆ ಹಬ್ಬ ಎನಿಸುವುದಿಲ್ಲ, ಅದು ಹಾಗೆಯೇ ಇರಲಿ. ಆ ಸಂದೇಶವನ್ನು ಆಗಲೇ ಹತ್ತು ಜನರಿಗೆ ಕಳುಹಿಸಿಬಿಟ್ಟಿದ್ದೇನೆ, ಅವರಿಗೆಲ್ಲ ತಿದ್ದುಪಡಿ ಬರೆಯುವುದು ನನ್ನ ಪಾಡು.

ನಾನು: ಈ ಸಲ ಅಜ್ಜಿಯ ಬಳಿ ನಾನಿರುತ್ತೇನೆ, ಅತ್ತೆ. ನೀವು ರಾತ್ರಿ ಪೂಜೆಗೆ ಹೋಗಿ, ನಾನು ಉದಯಕಾಲದ ಪೂಜೆಗೆ ಹೋಗುತ್ತೇನೆ.

ಅತ್ತೆ: ಹಾಗಾದರೆ ಗೋದಲಿಗೆ ಹೊಸ ಬಲ್ಬು ತಂದಿಡು, ಹಳೆಯದು ಮಿಣುಕುತ್ತಿದೆ. ಹತ್ತಿಯ ಗಂಟನ್ನು ನೀನು ಬಿಚ್ಚಬೇಡ, ಅಮ್ಮನ ಕೈಗೇ ಕೊಡು.